ರೂಪಾಯಿಗೆ ಎರಡು ಸೊಂಡಿಲಿ

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ತಳಮಹಡಿಯ ಮನೆ ಹಿಡಿದವರಿಗೆ ಮಳೆಗಾಲದಲ್ಲಿ ನೆಂಟರ ಕೊರತೆಯಿಲ್ಲ. ಜೂನ್ ಎರಡನೇ ವಾರ ದಾಟಿ ಗಟಾರ ತುಂಬಿತೆಂದರೆ ಎರೆಹುಳು, ಶತಪದಿ, ಕಪ್ಪೆಮರಿ ಎಲ್ಲವೂ ಸರದಿಯ ಮೇಲೆ ಮೋರಿಯ ಜಾಲರಿ ದಾಟಿ ಒಳಗೆ ಬರುತ್ತವೆ. ಅಂಥದೊಂದು ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯ ದೀಪ ಹಾಕಿದೆ. ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಬೂದುಬಣ್ಣದ ಹಗ್ಗದಂಥದ್ದೇನೋ ಗೋಡೆಗುಂಟ ಹರಿದುಹೋಯಿತು. ಹಾವೆಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಫ್ರಿಜ್ಜಿನ ಮೂಲೆಯಲ್ಲಿ ತಿರುಗುವಾಗ ಹಗ್ಗದ ಗಂಟುಗಳು ಒಂದೊಂದೇ ಕಂಡವು. ಮುಂದೆ ತಾಯಿ, ಅದರ ಬಾಲದ ಬುಡ ಕಚ್ಚಿ ಹಿಡಿದ ಒಂದು ಮರಿ, ಆ ಮರಿಯ ಬಾಲದ ಬುಡ ಕಚ್ಚಿದ ಇನ್ನೊಂದು, ಹೀಗೆ ನಾಲ್ಕು. ಕಡೆಯದರ ಹಿಡಿತ ತಪ್ಪಿತು. ಅದು ಚಿಟ್ ಚಿಟ್ ಎಂದು ಕೂಗಿಕೊಂಡಿತು, ಇಡೀ ಸಾಲು ನಿಂತಿತು, ಅದು ಓಡಿಬಂದು ಮತ್ತೆ ಕಚ್ಚಿಕೊಂಡ ಮೇಲೆ ಗಾಡಿ ಹೊರಟಿತು. ನಮ್ಮ ಸ್ಟೇಶನ್ನಿನಲ್ಲಿ ನಿಲ್ಲುವ ಸ್ಲೋ ಲೋಕಲ್ ಕೂಡ ಯಾರಿಗಾಗಿಯೂ ಹೀಗೆ ಕಾಯುವುದಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಕಾಕುಗೆ ‘ಮನೇಲಿ ಇಲಿ ಸಂಸಾರ ಹೂಡಿದೆ’ ಎಂದೆ. ‘ಉಂದೀರ್ ನಾಹೀ ತೋ, ಚಿಚುಂದ್ರೀ ಆಹೇ’, ಅದು ಇಲಿಯಲ್ಲ, ಚಿಚುಂದ್ರಿ ಎಂದು ತಿದ್ದಿದರು. ಮಾರೂ ನಕಾ, ಕೊಲ್ಲಬೇಡಿ ಎಂದೂ ಸೇರಿಸಿದರು. ಧಾರವಾಡದಲ್ಲಿ ನಮ್ಮವ್ವ ಹೇಳುತ್ತಿದ್ದದ್ದೂ ಇದನ್ನೇ: ‘ಅದು ಸೊಂಡಿಲಿ, ಹೊಡೀಬ್ಯಾಡೋ. ಗಣಪ್ಪನ ವಾಹನ.’ ಒಬ್ಬರು ಹೆಸರಿನಿಂದ ಬಿಡಿಸಿದರು, ಇನ್ನೊಬ್ಬರು ದೇವರಿಂದ. ಇಬ್ಬರೂ ವಿಜ್ಞಾನ ಓದಿದವರಲ್ಲ, ಆದರೆ ಇಬ್ಬರ ತೀರ್ಪೂ ಸರಿಯಾಗಿತ್ತು. ಹೇಗೆ ಸರಿ ಎಂದು ನೋಡಹೊರಟಾಗ ನಮ್ಮ ಮೋರಿಯ ದಾರಿ ಹೋಗಿ ಮುಟ್ಟಿದ್ದು ಜಗತ್ತಿನ ಅತಿ ಚಿಕ್ಕ ಸಸ್ತನಿಯ ಹತ್ತಿರಕ್ಕೆ.

ಮೊದಲು ಹೆಸರಿನ ಮಾತು. ಸೊಂಡಿಲಿನಂಥ ಮೂತಿ ಇರುವ ಇಲಿ ಸೊಂಡಿಲಿ. ಕೆಲವು ಕಡೆ ಸುಂಡಿಲಿ, ಮೂಗಿಲಿ ಎಂದೂ ಅನ್ನುತ್ತಾರೆ. ಈ ಕನ್ನಡ ಹೆಸರು ಇಂಗ್ಲಿಷ್ ಬರಹ ಸೇರಿದ್ದು ಹತ್ತೊಂಬತ್ತನೇ ಶತಮಾನದಲ್ಲೇ. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಅಚ್ಚುಹಾಕಿಸಿದಾಗ ಅಲ್ಲಿನ ಜನ ಆಡುವ ಹೆಸರುಗಳನ್ನೂ ಜೊತೆಗೆ ಕೊಟ್ಟ. 1884ರಲ್ಲಿ ಸ್ಟರ್ನ್‌ಡೇಲ್ ಬರೆದ ಭಾರತದ ಸಸ್ತನಿಗಳ ಪುಸ್ತಕದಲ್ಲಿ ಹಿಂದಿಯ ‘ಛಛೂಂದರ್’ ಪಕ್ಕದಲ್ಲೇ ಕನ್ನಡದ ‘ಸೊಂಡೇಲಿ’ ಕೂತಿದೆ. ತಮಿಳಿನಲ್ಲಿ ಮೂಂಜೂರು, ಮಲಯಾಳದಲ್ಲಿ ನಚ್ಚೆಲಿ. ಪಿಳ್ಳೈಯಾರ್, ಅಂದರೆ ಗಣಪ, ಸವಾರಿ ಮಾಡುವುದು ಮೂಂಜೂರಿನ ಮೇಲೆಯೇ ಎಂದು ತಮಿಳರು ಸ್ಪಷ್ಟವಾಗಿ ಹೇಳುತ್ತಾರೆ. ಸೊಂಡಿಲ ದೇವರಿಗೆ ಸೊಂಡಿಲ ವಾಹನ. ಅವ್ವನ ಮಾತಿಗೆ ನೆರೆರಾಜ್ಯದ ಸಾಕ್ಷಿಯೂ ಸಿಕ್ಕಿತು.

ಸಂಸ್ಕೃತದ ಛುಚ್ಛುಂದರಿ ಮಾತ್ರ ಇಷ್ಟು ಗೌರವಸ್ಥೆಯಲ್ಲ. ಸುಗಂಧ ದ್ರವ್ಯ ಕದ್ದವನು ಮುಂದಿನ ಜನ್ಮದಲ್ಲಿ ಛುಚ್ಛುಂದರಿಯಾಗುತ್ತಾನೆ ಎಂದು ಮನುಸ್ಮೃತಿಯ 12ನೇ ಅಧ್ಯಾಯ ಹೇಳುತ್ತದೆ. ಪಕ್ಕೆಗಳ ಗ್ರಂಥಿಯಿಂದ ಹೊಮ್ಮುವ ಕಮಟು ವಾಸನೆಯನ್ನು ಮೂಸಿದವರಿಗೆ ಆ ಶಿಕ್ಷೆಯ ತಮಾಷೆ ಅರ್ಥವಾದೀತು. ಸುಶ್ರುತ ಕಲ್ಪಸ್ಥಾನದಲ್ಲಿ ಎಣಿಸಿದ 18 ಬಗೆಯ ವಿಷದ ಮೂಷಿಕಗಳಲ್ಲಿ ಇದೂ ಒಂದು. ಹಾವು ಸೊಂಡಿಲಿಯನ್ನು ಬಾಯಲ್ಲಿ ಹಿಡಿದರೆ ನುಂಗಿದರೂ ಕೇಡು, ಉಗುಳಿದರೂ ಕೇಡು ಎಂಬ ನಂಬಿಕೆ ಉತ್ತರದಲ್ಲಿ ಗಾದೆಯಾಗಿದೆ. ಮಗನನ್ನು ಕಾಡಿಗೆ ಕಳಿಸಲಾರದೆ, ತಡೆಯಲೂ ಆರದೆ ಒದ್ದಾಡಿದ ಕೌಸಲ್ಯೆಗೆ ತುಲಸೀದಾಸರು ಕೊಟ್ಟ ಹೋಲಿಕೆ ಅದೇ. ಇನ್ನೂ ಪೂರ್ವಕ್ಕೆ ಹೋದರೆ ದಕ್ಷಿಣ ಚೀನಾ ಮತ್ತು ತೈವಾನಿನ ಜನ ಇದನ್ನು ‘ದುಡ್ಡಿನ ಇಲಿ’ ಎನ್ನುತ್ತಾರೆ. ಅದರ ಚಿಟಿಚಿಟಿ ಕೂಗು ಅವರ ಕಿವಿಗೆ ನಾಣ್ಯಗಳ ಸದ್ದಿನಂತೆ ಕೇಳುತ್ತದಂತೆ.

ಇಷ್ಟೆಲ್ಲ ಹೆಸರುಗಳಲ್ಲಿ ಬಹುಪಾಲು ಇಲಿಯನ್ನು ಬಿಟ್ಟಿಲ್ಲ. ಲಿನ್ನೇಯಸ್ ಕೂಡ ಬಿಡಲಿಲ್ಲ. 1766ರಲ್ಲಿ ಅವನು ಇಟ್ಟ ‘ಮ್ಯೂರಿನಸ್’ ಎಂಬ ಹೆಸರಿಗೆ ಇಲಿಯಂಥದು ಎಂದೇ ಅರ್ಥ. ಈಗಿನ ಪೂರ್ಣ ಹೆಸರು ಸುಂಕಸ್ ಮ್ಯೂರಿನಸ್. ಗೊಂದಲ ಇಲ್ಲಿಂದಲೇ. ಇಲಿ, ಅಳಿಲು, ಮುಳ್ಳುಹಂದಿಗಳು ದಂಶಕಗಳು. ಅವುಗಳ ಮುಂದಿನ ಬಾಚಿಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ, ಅದಕ್ಕೇ ಸದಾ ಏನನ್ನಾದರೂ ಕೊರೆಯುತ್ತಿರಬೇಕು. ಸೊಂಡಿಲಿಗೆ ಆ ಹಲ್ಲೂ ಇಲ್ಲ, ಆ ಚಟವೂ ಇಲ್ಲ. ಅದರ ಬಾಯಲ್ಲಿ ಸೂಜಿಮೊನೆಯಂಥ 30 ಹಲ್ಲುಗಳು. ಜಿರಳೆಯ ಗಟ್ಟಿ ಚಿಪ್ಪನ್ನು ಒಡೆಯುವುದಕ್ಕೆ ಹೇಳಿ ಮಾಡಿಸಿದಂತಿವೆ. ಇದರ ದಾಯಾದಿಗಳು ಇಲಿಗಳಲ್ಲ. ಹೆಡ್ಜ್‌ಹಾಗ್ ಮತ್ತು ನೆಲ ಬಗೆಯುವ ಮೋಲ್‌ಗಳು. ವಂಶವಾಹಿಗಳ ಲೆಕ್ಕ ಹಿಡಿದು ಇನ್ನೂ ಹಿಂದಕ್ಕೆ ಹೋದರೆ ತಮಾಷೆಯ ಸಂಗತಿಯೊಂದು ಎದುರಾಗುತ್ತದೆ. ಸಸ್ತನಿಗಳ ದೊಡ್ಡ ಕವಲುಗಳಲ್ಲಿ ಸೊಂಡಿಲಿ ಇರುವುದು ಹಸು, ಬೆಕ್ಕು, ಬಾವಲಿಗಳ ಕವಲಿನಲ್ಲಿ. ಇಲಿ ಇರುವುದು ಮಂಗ ಮತ್ತು ಮನುಷ್ಯರ ಕವಲಿನಲ್ಲಿ. ಸಿಲಿಂಡರಿನ ಹಿಂದೆ ಓಡಿದ್ದು ನಿಜಕ್ಕೂ ಇಲಿಯಾಗಿದ್ದರೆ ನನಗೆ ಸ್ವಲ್ಪ ಹತ್ತಿರದ ನೆಂಟನೇ ಆಗುತ್ತಿತ್ತು. ಹೆಸರಿನಲ್ಲಿ ಸೊಂಡಿಲಿಯನ್ನು ಹೊತ್ತು ಅದರ ಬಳಗಕ್ಕೆ ಸೇರದ ಪ್ರಾಣಿಯೂ ಇದೆ. ದಕ್ಷಿಣ ಭಾರತದ ಕಾಡುಗಳ ಮರಸೊಂಡಿಲಿ ನಿಜವಾದ ಸೊಂಡಿಲಿಯೇ ಅಲ್ಲ, ನಮ್ಮ ಕವಲಿನದು. ಅದರ ವೈಜ್ಞಾನಿಕ ಹೆಸರು ಅನಥಾನಾ ಎಲಿಯಟಿ. ಅದೇ ಧಾರವಾಡದ ಎಲಿಯಟ್.

ಜಗತ್ತಿನಲ್ಲಿ ಸೊಂಡಿಲಿಯ 450ಕ್ಕೂ ಹೆಚ್ಚು ಪ್ರಭೇದಗಳಿವೆ. ಆ ಜನಸಮೂಹದಲ್ಲಿ ನಮ್ಮ ಮನೆಯದು ಭಾರಿ ಆಸಾಮಿ; ಚೆನ್ನಾಗಿ ಬೆಳೆದ ಗಂಡು ನೂರು ಗ್ರಾಂ ಮುಟ್ಟಬಹುದು. ಅದರದೇ ಕುಲದಲ್ಲಿ, ಅದೇ ಸುಂಕಸ್ ಎಂಬ ಮನೆತನದ ಹೆಸರು ಹೊತ್ತು, ಸರಾಸರಿ 1.8 ಗ್ರಾಂ ತೂಗುವ ಇನ್ನೊಂದು ಪ್ರಾಣಿ ಇದೆ. ಅದೇ ಎಟ್ರಸ್ಕನ್ ಸೊಂಡಿಲಿ, ಸುಂಕಸ್ ಎಟ್ರಸ್ಕಸ್. ಇಟಲಿಯ ಪೀಸಾದ ಪಾವೊಲೊ ಸಾವಿ 1822ರಲ್ಲಿ ಇದನ್ನು ವಿವರಿಸಿದ. ಮೂತಿಯಿಂದ ಬಾಲದ ಬುಡದವರೆಗೆ 4 ಸೆಂಟಿಮೀಟರಿನ ಆಸುಪಾಸು. 2011ರಲ್ಲಿ ಬಂದ ಮಾದರಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ ತೂಗುತ್ತದೆ. ತಕ್ಕಡಿಯ ಒಂದು ಕಡೆ ಆ ನಾಣ್ಯ ಇಟ್ಟರೆ ಇನ್ನೊಂದು ಕಡೆ ಇಂಥ ಎರಡು ಸೊಂಡಿಲಿ ಕೂತರೂ ತೂಕ ತುಸು ಕಡಿಮೆಯೇ. ಹುಟ್ಟಿದ ಮರಿಯ ತೂಕ 0.2 ಗ್ರಾಂ.

ಈ ಗಾತ್ರದಲ್ಲಿ ಬದುಕುವುದೆಂದರೆ ಏನು ಎಂಬುದೇ ಈ ವಿಷಯದ ತಿರುಳು. ಹಂಡೆಯ ಬಿಸಿನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಸ್ಟೇಶನ್ ಹೊರಗೆ ಕೊಳ್ಳುವ ಕಟಿಂಗ್ ಚಹಾ ಎರಡು ಮಾತು ಆಡುವುದರೊಳಗೆ ಆರುತ್ತದೆ. ಗಾತ್ರ ಕುಗ್ಗಿದಷ್ಟೂ ಒಳಗಿನ ಬಿಸಿಗೆ ಹೋಲಿಸಿದರೆ ಹೊರಮೈ ಹೆಚ್ಚು, ಸೋರಿಕೆಯೂ ಹೆಚ್ಚು. ಸಸ್ತನಿಯ ಮೈ ಬಿಸಿಯಾಗಿಯೇ ಇರಬೇಕು. ಹಾಗಾಗಿ ಚಿಕ್ಕ ಸಸ್ತನಿ ಒಲೆಗೆ ಸೌದೆ ಒಟ್ಟುತ್ತಲೇ ಇರಬೇಕಾಗುತ್ತದೆ. ಎಟ್ರಸ್ಕನ್ ಸೊಂಡಿಲಿ ದಿನವೊಂದಕ್ಕೆ ತನ್ನ ತೂಕದ ಒಂದೂವರೆಯಿಂದ ಎರಡು ಪಟ್ಟು ಆಹಾರ ತಿನ್ನುತ್ತದೆ. ಅರವತ್ತು ಕಿಲೋ ತೂಗುವ ನಾನು ಆ ಲೆಕ್ಕದಲ್ಲಿ ಉಣ್ಣಬೇಕೆಂದರೆ ದಿನಕ್ಕೆ ತೊಂಬತ್ತರಿಂದ ನೂರಿಪ್ಪತ್ತು ಕಿಲೋ ಆಗುತ್ತದೆ. ಯಾವ ಖಾನಾವಳಿಯವನೂ ನನಗೆ ತಿಂಗಳ ಊಟದ ಕಾರ್ಡು ಕೊಡಲಾರ.

ಸೌದೆ ಬೇಕಾದಷ್ಟೇ ಗಾಳಿಯೂ ಬೇಕು. 1996ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಈ ಪ್ರಾಣಿ ಸುಮ್ಮನೆ ಕೂತಾಗಲೂ ಹೃದಯ ನಿಮಿಷಕ್ಕೆ 835ರ ಹತ್ತಿರ ಬಡಿಯುತ್ತದೆ. ದಾಖಲಾದ ಗರಿಷ್ಠ 1511, ಅಂದರೆ ಸೆಕೆಂಡಿಗೆ 25. ಸೊಳ್ಳೆಗೆ ಚಪ್ಪಾಳೆ ತಟ್ಟಲು ನಾವು ಕೈ ಎತ್ತುವುದರೊಳಗೆ ಇದರ ಹೃದಯ ಹತ್ತಾರು ಸಲ ಬಡಿದಿರುತ್ತದೆ. ಸರಾಸರಿ ಸಾವಿರ ಬಡಿತವೆಂದು ಹಿಡಿದು ಎರಡು ವರ್ಷದ ಆಯುಷ್ಯಕ್ಕೆ ಗುಣಿಸಿದರೆ ನೂರು ಕೋಟಿ ದಾಟುತ್ತದೆ. ಎಪ್ಪತ್ತು ವರ್ಷ ಬದುಕುವ ನಮ್ಮದು ಸುಮಾರು ಇನ್ನೂರ ಐವತ್ತು ಕೋಟಿ. ವರ್ಷದ ಲೆಕ್ಕದಲ್ಲಿ ಇರುವ ಅಂತರ ಬಡಿತದ ಲೆಕ್ಕದಲ್ಲಿ ಇಲ್ಲ.

ಇದಕ್ಕಿಂತ ಚಿಕ್ಕದಾದ ಸಸ್ತನಿ ಇರಬಹುದೇ? 1948ರಲ್ಲಿ ಅಮೆರಿಕದ ಆಲಿವರ್ ಪಿಯರ್ಸನ್ ಚಿಕ್ಕ ಸಸ್ತನಿಗಳ ಉಸಿರಾಟವನ್ನು ಅಳೆದು, ಸುಮಾರು ಎರಡೂವರೆ ಗ್ರಾಂ ಕೆಳಗೆ ಇಳಿದರೆ ತಿಂದು ಪೂರೈಸಲಾಗುವುದಿಲ್ಲ ಎಂದು ಅಂದಾಜು ಮಾಡಿದ. ಎಟ್ರಸ್ಕನ್ ಸೊಂಡಿಲಿ ಆ ಗೆರೆಯ ಕೆಳಗೇ ಆರಾಮವಾಗಿದೆ. ಅದರ ಉಪಾಯ ಸರಳ. ಚಳಿಯಾಗಿ ಆಹಾರ ಸಿಗದಿದ್ದಾಗ ಮೈಯ ಬಿಸಿಯನ್ನೇ ಇಳಿಸಿ ಜಡವಾಗಿ ಬೀಳುತ್ತದೆ, ಒಲೆಯನ್ನು ಕೆಂಡ ಮಾಡಿ ಬೂದಿ ಮುಚ್ಚಿದ ಹಾಗೆ. ಬೇಟೆಗೆ ಕಣ್ಣಿನ ಹಂಗೂ ಬೇಡ. ಕತ್ತಲಲ್ಲಿ ಮೀಸೆಯ ಸ್ಪರ್ಶದಿಂದಲೇ ಆಕಾರ ಗುರುತಿಸಿ ಹೆಚ್ಚುಕಡಿಮೆ ತನ್ನಷ್ಟೇ ಉದ್ದದ ಚಿಮ್ಮಂಡೆಯ ಮೇಲೆ ಎರಗುವುದನ್ನು ಬರ್ಲಿನ್ನಿನ ನರವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಹಿಂದಿನ ಕಾಲಕ್ಕೆ ಹೋದರೆ ಇನ್ನೂ ಚಿಕ್ಕದು ಇತ್ತು. ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ ಬಟೊಡೊನೊಯ್ಡಿಸ್ ಎಂಬ 5.3 ಕೋಟಿ ವರ್ಷ ಹಳೆಯ ಪ್ರಾಣಿಯ ತೂಕವನ್ನು ಹಲ್ಲುಗಳ ಅಳತೆಯಿಂದ 1.3 ಗ್ರಾಂ ಎಂದು 1998ರಲ್ಲಿ ಲೆಕ್ಕಹಾಕಿದ್ದಾರೆ. ಆಗ ಭೂಮಿ ಈಗಿನದಕ್ಕಿಂತ ಬೆಚ್ಚಗಿತ್ತು ಎಂಬುದನ್ನು ನೆನಪಿಡಬೇಕು.

‘ಅತಿ ಚಿಕ್ಕ’ ಪಟ್ಟಕ್ಕೆ ಇನ್ನೊಬ್ಬ ಹಕ್ಕುದಾರನಿದ್ದಾನೆ, ಕಿಟ್ಟಿಯ ಬಾವಲಿ. ಥಾಯ್ಲೆಂಡಿನ ಕಾಂಚನಾಬುರಿಯ ಸುಣ್ಣಕಲ್ಲಿನ ಗವಿಗಳಲ್ಲಿ ಇದನ್ನು ಹಿಡಿದ ಕಿಟ್ಟಿ ಥೊಂಗ್‌ಲೊಂಗ್ಯ 1974ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಲಂಡನ್ನಿನ ಜಾನ್ ಹಿಲ್ ಅವರ ಹೆಸರನ್ನೇ ಇಟ್ಟು ಪ್ರಾಣಿಯನ್ನು ಪ್ರಕಟಿಸಿದರು. ಉದ್ದ 3 ಸೆಂಟಿಮೀಟರ್, ತೂಕ 2 ಗ್ರಾಂ ಆಸುಪಾಸು. ಉದ್ದದಲ್ಲಿ ಬಾವಲಿ ಗೆಲ್ಲುತ್ತದೆ, ತೂಕದಲ್ಲಿ ಸೊಂಡಿಲಿ. ದಾಖಲೆ ಪುಸ್ತಕದವರು ಎರಡು ಸಾಲು ಬರೆದು ಪಾರಾಗುತ್ತಾರೆ. ನನ್ನನ್ನು ಕೇಳಿದರೆ ಪಟ್ಟ ಸೊಂಡಿಲಿಗೇ ಸಲ್ಲಬೇಕು. ಒಲೆಯ ಲೆಕ್ಕದಲ್ಲಿ ಎಣಿಕೆಗೆ ಬರುವುದು ತೂಕ, ಉದ್ದವಲ್ಲ. ಆದರೆ ಕಾಳಜಿ ಮಾಡಬೇಕಾದದ್ದು ಬಾವಲಿಯ ಬಗ್ಗೆ, ಅದಕ್ಕೆ ಗವಿ ಹೋದರೆ ಗತಿಯಿಲ್ಲ. ನಮ್ಮ ಕೋಲಾರದ ಹನುಮನಹಳ್ಳಿಯ ಗವಿಯನ್ನೇ ನಂಬಿರುವ ಎಲೆಮೂಗಿನ ಬಾವಲಿಯ ಕತೆಯೂ ಅದೇ. ಅದು ಇಷ್ಟು ಚಿಕ್ಕದಲ್ಲ, ಆದರೆ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಪುಟ್ಟ ಬಾವಲಿ ನೋಡಲು ಥಾಯ್ಲೆಂಡಿಗೇನೂ ಹೋಗಬೇಕಿಲ್ಲ. ಸಂಜೆ ಪ್ಲಾಟ್‌ಫಾರ್ಮಿನ ದೀಪಗಳ ಸುತ್ತ ಚಿಟ್ಟೆಯಂತೆ ಅಡ್ಡಾದಿಡ್ಡಿ ಹಾರುವ ಪಿಪಿಸ್ಟ್ರೆಲ್‌ಗಳಲ್ಲಿ ಭಾರತದ ಅತಿ ಸಣ್ಣ ಜಾತಿಯದು ಮೂರು-ನಾಲ್ಕು ಗ್ರಾಂ ಅಷ್ಟೇ.

ಸೊಂಡಿಲಿಗಳ ಬಳಗದಲ್ಲಿ ಇನ್ನೂ ಕೆಲವು ವಿಚಿತ್ರಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ಯುರೋಪಿನ ಸಾಮಾನ್ಯ ಸೊಂಡಿಲಿ ಚಳಿಗಾಲಕ್ಕೆ ತನ್ನ ತಲೆಬುರುಡೆಯನ್ನೇ ಕುಗ್ಗಿಸಿಕೊಂಡು ವಸಂತದಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಪೋಲೆಂಡಿನ ಆಗುಸ್ಟ್ ಡೆನೆಲ್ 1949ರಲ್ಲಿ ಇದನ್ನು ಹೇಳಿದಾಗ ನಂಬುವವರು ಕಡಿಮೆ. ಈಗ ಅದಕ್ಕೆ ಅವನದೇ ಹೆಸರು. ಉತ್ತರ ಅಮೆರಿಕದ ಗಿಡ್ಡಬಾಲದ ಸೊಂಡಿಲಿಯ ಜೊಲ್ಲಿನಲ್ಲಿ ವಿಷವಿದೆ. ಸುಶ್ರುತ ನಮ್ಮದರ ಮೇಲೆ ಹೊರಿಸಿದ ಆರೋಪ ದೂರದ ದಾಯಾದಿಯ ಮೇಲಾದರೂ ನಿಜವಾಯಿತು. ಕಾಂಗೋ ಕಾಡಿನ ‘ವೀರ ಸೊಂಡಿಲಿ’ಯ ಬೆನ್ನೆಲುಬಿನ ಮಣಿಗಳು ಒಂದರೊಳಗೊಂದು ಹಲ್ಲುಕಚ್ಚಿ ಕೂತಿವೆ. ಅದರ ಬೆನ್ನ ಮೇಲೆ ಆಳು ನಿಂತರೂ ಸಾಯಲಿಲ್ಲವೆಂದು ಹಳೆಯ ವರದಿಗಳಿವೆ. ಇಷ್ಟು ಗಟ್ಟಿ ಬೆನ್ನು ಅದಕ್ಕೆ ಏಕೆ ಬೇಕು ಎಂಬ ವಾದ ಇನ್ನೂ ಮುಗಿದಿಲ್ಲ.

ನಮ್ಮ ದೇಶದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಬೇಸರ. ಎಟ್ರಸ್ಕನ್ ಸೊಂಡಿಲಿ ಇಟಲಿಯ ಸೊತ್ತೇನಲ್ಲ, ಮೆಡಿಟರೇನಿಯನ್ನಿನಿಂದ ದಕ್ಷಿಣ ಏಷ್ಯಾದವರೆಗೆ ಹಬ್ಬಿದೆ. ಫ್ರೆಂಚ್ ಸಸ್ಯವಿಜ್ಞಾನಿ ಪೆರೊಟೆ ಹೆಸರಿನಲ್ಲಿ 1842ರಲ್ಲಿ ದುವೆರ್ನ್ವಾ ವಿವರಿಸಿದ ನೀಲಗಿರಿಯ ಪುಟಾಣಿ ಸೊಂಡಿಲಿಯನ್ನು ಈಗ ಅದರೊಳಗೇ ಸೇರಿಸುತ್ತಾರೆ. ಆದರೆ ಇಲ್ಲಿನ ಈ ಪುಟಾಣಿಗಳೆಲ್ಲ ಒಂದೇ ಪ್ರಭೇದವೇ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಎಂದರೆ ಜಗತ್ತಿನ ಅತಿ ಹಗುರ ಸಸ್ತನಿ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯಲ್ಲಿದೆ, ಅದಕ್ಕೊಂದು ಖಚಿತ ಹೆಸರಿಲ್ಲ. ಹುಲಿ ಎಣಿಸಲು ಕ್ಯಾಮೆರಾ ಕಟ್ಟಿದ ಕಾಡಿನಲ್ಲೇ ಒಣಗಿದೆಲೆಯ ಕೆಳಗೆ ಇದು ಓಡಾಡುತ್ತಿದ್ದರೂ ಕ್ಯಾಮೆರಾಕ್ಕೆ ಬೀಳುವುದಿಲ್ಲ. ಇದನ್ನು ಹಿಡಿಯಲು ನೆಲದಲ್ಲಿ ಗುಂಡಿ ತೋಡಿ ಬಕೆಟ್ ಹುಗಿದು ರಾತ್ರಿಯಿಡೀ ಆಗಾಗ ನೋಡುತ್ತಿರಬೇಕು. ತಡವಾದರೆ ಹಸಿವಿನಿಂದಲೇ ಸತ್ತಿರುತ್ತದೆ.

ಮುಂಬಯಿಗೂ ತನ್ನದೇ ಆದ ಸೊಂಡಿಲಿ ಇದೆ. ಕಲಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಜಾನ್ ಆಂಡರ್ಸನ್ 1877ರಲ್ಲಿ ಸುಂಕಸ್ ಸ್ಟೊಲಿಕ್ಜ್‌ಕಾನಸ್ ಎಂಬ ತಿಳಿಬಣ್ಣದ ಚಿಕ್ಕ ಸೊಂಡಿಲಿಯನ್ನು ಹೆಸರಿಸಿದ್ದು ಮುಂಬಯಿಯ ಮಾದರಿಯಿಂದ. ಅದರ ಮೂರು ವರ್ಷ ಮೊದಲು ಲಡಾಖಿನ ಎತ್ತರದಲ್ಲಿ ಸತ್ತ ಪ್ರಕೃತಿ ವಿಜ್ಞಾನಿ ಸ್ಟೊಲಿಕ್ಜ್‌ಕಾ ನೆನಪಿಗೆ ಇಟ್ಟ ಹೆಸರು ಅದು. ಮುಂಬಯಿಯ ಪ್ರಕೃತಿ ಇತಿಹಾಸ ಸಂಘ, ಅಂದರೆ ಬಿಎನ್‌ಎಚ್‌ಎಸ್, 1911ರ ಹೊತ್ತಿಗೆ ಹಣ ಕೂಡಿಸಿ ದೇಶದ ಸಸ್ತನಿಗಳ ಸಮೀಕ್ಷೆ ಶುರುಮಾಡಿತು. ಶಾರ್ಟ್‌ರಿಜ್ ಎಂಬಾತ ಧಾರವಾಡ, ಕೊಡಗುಗಳಲ್ಲಿ ತಿಂಗಳುಗಟ್ಟಲೆ ಬೋನು ಹಾಕಿ ಕೂತ. ಹುಲಿಯ ಚರ್ಮದ ಹುಚ್ಚಿನ ಕಾಲದಲ್ಲಿ ಇಲಿ, ಸೊಂಡಿಲಿ, ಬಾವಲಿಗಳ ಚರ್ಮ ಬಿಡಿಸಿ ಚೀಟಿ ಅಂಟಿಸಿದ ಕೆಲಸ ಅದು. ಇವತ್ತಿಗೂ ತಜ್ಞರು ಆ ಚೀಟಿಗಳನ್ನೇ ತಿರುವಿ ನೋಡುತ್ತಾರೆ. ಆಮೇಲೆ ಅಂಥ ದಮ್ಮಿನ ಕೆಲಸ ದೇಶಮಟ್ಟದಲ್ಲಿ ಮತ್ತೆ ಆಗಲಿಲ್ಲ. 2021ರಲ್ಲಿ ಅಂಡಮಾನಿನ ಪೂರ್ವಕ್ಕಿರುವ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪದಿಂದ ಝೂಲಾಜಿಕಲ್ ಸರ್ವೆಯವರು ಹೊಸ ಸೊಂಡಿಲಿಯೊಂದನ್ನು ಪ್ರಕಟಿಸಿದಾಗ, ದೇಶದಲ್ಲಿ ಇಂಥ ಶೋಧ ನಡೆದು ನಲವತ್ತು ವರ್ಷ ದಾಟಿತ್ತು.

ಈಗ ಮತ್ತೆ ಅಡುಗೆಮನೆಗೆ. ಇಲ್ಲಿ ಹುಟ್ಟಿದ ನಮ್ಮ ಸೊಂಡಿಲಿ ಮನುಷ್ಯನ ಸಾಮಾನಿನ ಜೊತೆ ಹಡಗು ಹತ್ತಿ ಪರ್ಷಿಯಾ ಕೊಲ್ಲಿ, ಪೂರ್ವ ಆಫ್ರಿಕದ ಕರಾವಳಿ, ಮಾಲ್ದೀವ್ಸ್, ಮಾರಿಷಸ್‌ವರೆಗೆ ಹೋಗಿದೆ. 1953ರಲ್ಲಿ ಪೆಸಿಫಿಕ್ಕಿನ ಗ್ವಾಮ್ ದ್ವೀಪದಲ್ಲಿ ಇಳಿಯಿತು. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಹೆಸರು ಬಂದ ರೇವು ನಮ್ಮ ಪಕ್ಕದ ಕಲ್ಯಾಣ. ಇಲ್ಲಿನ ಖಾಡಿಯಿಂದಲೂ ಒಂದೆರಡು ಸಂಸಾರಗಳು ಗೋಣಿಚೀಲದ ನಡುವೆ ಹೊರಟಿರಬಹುದೆಂದು ಊಹಿಸಿಕೊಳ್ಳುವುದು ನನ್ನ ಚಪಲ. ಹೋದ ದ್ವೀಪಗಳಲ್ಲಿ ಅದು ಒಳ್ಳೆಯ ಹೆಸರು ಗಳಿಸಲಿಲ್ಲ. ಇಂಥ ಬೇಟೆಗಾರನನ್ನು ಕಂಡರಿಯದ ಅಲ್ಲಿನ ಹಲ್ಲಿ, ಕೀಟಗಳನ್ನು ಮುಗಿಸುತ್ತ ಬಂತು. ಮಾರಿಷಸ್ಸಿನ ಇಲ್ ಓ ಎಗ್ರೆಟ್ ಎಂಬ ಪುಟ್ಟ ದ್ವೀಪದಲ್ಲಿ 1999ರಲ್ಲಿ ಬೋನು ಹಾಕಿ ಇದನ್ನು ಪೂರ್ತಿ ತೆಗೆದುಹಾಕಲು ಹೊರಟವರು ಸೋತರು. ಒಂದೇ ಪ್ರಾಣಿ ಒಂದು ಕಡೆ ಉಪಕಾರಿ, ಇನ್ನೊಂದು ಕಡೆ ದಾಳಿಕೋರ. ಊರು ಬದಲಾದದ್ದೇ ವ್ಯತ್ಯಾಸ.

ಬ್ರಿಟಿಷರ ಬಂಗಲೆಗಳಲ್ಲಿ ಇದರ ಮೇಲೆ ಬೇರೆಯೇ ದೂರಿತ್ತು. ವೈನ್ ಬಾಟಲಿಯ ಮೇಲೆ ಸೊಂಡಿಲಿ ಹಾದುಹೋದರೆ ಸಾಕು, ಗಾಜಿನೊಳಗಿನ ದ್ರವಕ್ಕೂ ಕಸ್ತೂರಿ ವಾಸನೆ ಹತ್ತುತ್ತದೆಂದು ಎಲ್ಲರೂ ನಂಬಿದ್ದರು. ಜೆರ್ಡನ್ ಎಂಬ ಡಾಕ್ಟರು ನಂಬಲಿಲ್ಲ. ಇಂಗ್ಲೆಂಡಿನಲ್ಲೇ ತುಂಬಿಸಿ ತಂದ ಬಾಟಲಿಗಳಲ್ಲಿ ಆ ವಾಸನೆ ಇರುತ್ತಿರಲಿಲ್ಲ. ಹಾಗಾದರೆ ಇಲ್ಲಿ ತುಂಬಿಸುವ ಮೊದಲೇ ಬಿರಡೆಗೆ ವಾಸನೆ ಹತ್ತಿರಬೇಕು ಎಂದ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1893ರ ಮುಂಗುಸಿ ಕತೆಯಲ್ಲಿ ತಂದ ಚುಚುಂದ್ರ ಕೋಣೆಯ ನಡುವೆ ಬರಲು ಧೈರ್ಯವಿಲ್ಲದ ಅಳುಬುರುಕ. ಗೋಡೆ ಬಿಟ್ಟು ಬರುವುದಿಲ್ಲ ಎಂಬ ಗಮನಿಕೆ ಸರಿ, ಅಳುಬುರುಕ ಎಂಬುದು ಅನ್ಯಾಯ. ಸಾಸಿವೆ ಕಾಳಿನಷ್ಟು ಕಣ್ಣಿನಲ್ಲಿ ಬೆಳಕು ಕತ್ತಲೆಗಿಂತ ಹೆಚ್ಚೇನೂ ಕಾಣದವನು ಗೋಡೆ ತಡವಿಕೊಂಡು ಹೋಗುವುದು ಹೇಡಿತನ ಹೇಗಾದೀತು?

ಇದರ ಇನ್ನೊಂದು ಗುಣ ಔಷಧ ವಿಜ್ಞಾನಕ್ಕೆ ಬೇಕಾಗಿ ಬಂತು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಇಲಿಪಾಷಾಣ ಕೆಲಸ ಮಾಡುವುದರ ಗುಟ್ಟಿನಲ್ಲಿ ಅದೂ ಒಂದು. ಹಾಗಾಗಿ ವಾಂತಿ ತಡೆಯುವ ಔಷಧವನ್ನು ಇಲಿಯ ಮೇಲೆ ಪರೀಕ್ಷಿಸುವಂತಿಲ್ಲ. ಸೊಂಡಿಲಿ ವಾಂತಿ ಮಾಡುತ್ತದೆ. ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್‌ನಂಥ ಔಷಧ ಕೊಟ್ಟರೂ, ಪಂಜರವನ್ನು ಹಿಂದೆ ಮುಂದೆ ತೂಗಿದರೂ ಕಾರಿಕೊಳ್ಳುತ್ತದೆ. ಜಪಾನಿನ ಉಏನೊ, ಮತ್ಸುಕಿ, ಸೈತೊ ಎಂಬ ಮೂವರು 1987ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಅಲ್ಲಿನ ಪ್ರಯೋಗಾಲಯಗಳಲ್ಲಿ ‘ಸುಂಕಸ್’ ಎಂಬುದು ಬಳಕೆಯ ಹೆಸರಾಯಿತು. ಕೀಮೋಥೆರಪಿ ಪಡೆದವರ ವಾಂತಿ ತಡೆಯುವ ಔಷಧಗಳ ಹಿಂದಿನ ಸಂಶೋಧನೆಯಲ್ಲಿ ಈ ಪ್ರಾಣಿಯ ಪಾಲಿದೆ.

ಉಪಕಾರ ಹೇಳಿದ ಬಾಯಲ್ಲೇ ಅಪಾಯವನ್ನೂ ಹೇಳಬೇಕು. ತಮಿಳುನಾಡಿನ ವೆಲ್ಲೂರಿನ ತೊಟ್ಟಪಾಳಯಂ ಎಂಬಲ್ಲಿ 1964ರಲ್ಲಿ ಹಿಡಿದ ಮನೆಸೊಂಡಿಲಿಯೊಂದರಿಂದ ವೈರಸ್ ಬೇರ್ಪಡಿಸಲಾಯಿತು. ಆ ಹೊತ್ತಿಗೆ ಅದೇನೆಂದು ತಿಳಿಯಲಿಲ್ಲ. 1970ರ ದಶಕದಲ್ಲಿ ಕೊರಿಯಾದಲ್ಲಿ ಹಂಟಾ ವೈರಸ್ ಗುರುತು ಸಿಕ್ಕಿದ ಮೇಲೆ, ಆ ಗುಂಪಿನಲ್ಲಿ ಮೊದಲು ಬೇರ್ಪಡಿಸಿದ್ದು ತೊಟ್ಟಪಾಳಯಂನದೇ ಎಂದು ಹಿನ್ನೋಟದಲ್ಲಿ ಗೊತ್ತಾಯಿತು. ಅದು ಮನುಷ್ಯರಿಗೆ ರೋಗ ತಂದದ್ದು ರುಜುವಾತಾಗಿಲ್ಲ. ಚೀನಾದಲ್ಲಿ 35 ಜನರಲ್ಲಿ ಜ್ವರ ತಂದ ಲಾಂಗ್ಯಾ ಎಂಬ ವೈರಸ್ಸಿನ ಸುದ್ದಿ 2022ರಲ್ಲಿ ಬಂದಾಗಲೂ ಬೆರಳು ತೋರಿದ್ದು ಅಲ್ಲಿನ ಬೇರೊಂದು ಜಾತಿಯ ಸೊಂಡಿಲಿಯ ಕಡೆಗೆ. ಮಳೆಗಾಲದ ಮುಂಬಯಿಯನ್ನು ವರ್ಷವರ್ಷ ಕಾಡುವ ಲೆಪ್ಟೊಸ್ಪೈರೋಸಿಸ್‌ನ ರೋಗಾಣುವನ್ನೂ ಸೊಂಡಿಲಿಗಳು ಹೊರಬಲ್ಲವು, ಇಲಿಗಳ ಪಾತ್ರವೇ ದೊಡ್ಡದಾದರೂ. ಗಣಪನ ವಾಹನವೆಂದು ಕೈಯಲ್ಲಿ ಎತ್ತಿಕೊಂಡು ಮುದ್ದು ಮಾಡುವ ಪ್ರಾಣಿ ಇದಲ್ಲ.

ಆದರೆ ನಮ್ಮ ಕಟ್ಟಡಗಳಲ್ಲಿ ಆಗುತ್ತಿರುವುದು ಬೇರೆ. ಹೋದ ವರ್ಷ ನಮ್ಮ ಸೊಸೈಟಿಯ ಮೀಟರ್ ಕೋಣೆಯಲ್ಲಿ ಇಲಿಗೆಂದು ಅಂಟಿನ ರಟ್ಟು ಹಾಸಿದ್ದರು. ಬೆಳಿಗ್ಗೆ ನೋಡಿದರೆ ಇಲಿ ಒಂದೂ ಇಲ್ಲ; ರಟ್ಟಿನ ಮೇಲೆ ಪಕ್ಕಕ್ಕೆ ವಾಲಿ ಬಿದ್ದ ಸೊಂಡಿಲಿಯೊಂದಿತ್ತು. ಮೊದಲ ಸಲ ಹತ್ತಿರದಿಂದ ನೋಡಿದೆ. ಕೆಳತುಟಿಯನ್ನು ದಾಟಿ ಎಷ್ಟೋ ಮುಂದಕ್ಕೆ ಚಾಚಿದ ಗುಲಾಬಿ ಮೂತಿ, ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾದ ಬಾಲ, ಬಾಲದ ತುಂಬ ಅಲ್ಲೊಂದು ಇಲ್ಲೊಂದು ನಿಂತ ಉದ್ದ ಕೂದಲು. ಮೂತಿ ಇನ್ನೂ ಅದುರುತ್ತಿತ್ತು. ಕೊಬ್ಬರಿ ಎಣ್ಣೆ ಹನಿಸಿ ಬಿಡಿಸಲು ನೋಡಿದೆವು. ರಾತ್ರಿಯಿಡೀ ಉಪವಾಸ ಬಿದ್ದದ್ದು ಬದುಕಲಿಲ್ಲ. ಪೆಸ್ಟ್ ಕಂಟ್ರೋಲಿನ ಹುಡುಗ ‘ಸಾಬ್, ಚೂಹಾ ಹೀ ಹೈ’ ಎಂದು ಚೀಲಕ್ಕೆ ಹಾಕಿಕೊಂಡ. ಅವನ ಲೆಕ್ಕದಲ್ಲಿ ಕೆಲಸ ಯಶಸ್ವಿ. ಆಮೇಲಿನ ತಿಂಗಳು ನಮ್ಮ ಕಟ್ಟಡದಲ್ಲಿ ಜಿರಳೆ ಹೆಚ್ಚಾದವು ಎಂದು ಕಾಕು ಹೇಳುತ್ತಾರೆ. ಒಂದು ಸೊಂಡಿಲಿ ಸತ್ತದ್ದಕ್ಕೇ ಹಾಗಾಯಿತೆಂದು ನಾನು ಹೇಳಲಾರೆ, ಆದರೆ ಅದರ ಊಟ ಜಿರಳೆ, ಚಿಮ್ಮಂಡೆ, ಎರೆಹುಳು ಎಂಬುದರಲ್ಲಿ ಅನುಮಾನವಿಲ್ಲ. ಸಿಕ್ಕರೆ ಇಲಿಮರಿಯನ್ನೂ ಬಿಡುವುದಿಲ್ಲ. ಅಕ್ಕಿಯ ಡಬ್ಬ, ವೈರು, ಪುಸ್ತಕ ಇದ್ಯಾವುದಕ್ಕೂ ಅದು ಬಾಯಿ ಹಾಕುವುದಿಲ್ಲ. ಕೆಳಗೆ ಬಿದ್ದ ಚಪಾತಿ ತುಣುಕು ತಿಂದೀತು, ಅಷ್ಟೇ ಅದರ ಕಳ್ಳತನ. ಬೆಕ್ಕು ಹಿಡಿದರೂ ವಾಸನೆಗೆ ಹೆದರಿ ತಿನ್ನದೆ ಬಿಡುತ್ತದೆ. ರೈಲ್ವೆಯ ಹಳೆಯ ಚಾಳುಗಳ ಕಡೆ ರಾತ್ರಿ ಕೂಗುವ ಕಣಜ ಗೂಬೆಗೆ ಮಾತ್ರ ವಾಸನೆಯ ಕಾಟವಿಲ್ಲ. ಆ ಗೂಬೆಗಳು ಕಾರಿದ ಉಂಡೆಗಳನ್ನು ಬಿಡಿಸಿ ನೋಡಿದವರಿಗೆ ಇಲಿಯ ಬುರುಡೆಗಳ ನಡುವೆ ಸೊಂಡಿಲಿಯ ಬುರುಡೆಗಳೂ ಸಿಗುತ್ತಲೇ ಇರುತ್ತವೆ. ನಾವು ಇಟ್ಟ ಪಾಷಾಣ ಸೊಂಡಿಲಿಯ ಹೊಟ್ಟೆ ಸೇರಿದರೆ ಮುಂದಿನ ಪಾಳಿ ಗೂಬೆಯದು.

ಅಂಟಿನ ರಟ್ಟನ್ನು ನಿಲ್ಲಿಸಬೇಕೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಬರೆದಿದೆ. ಆದರೂ ಅಂಗಡಿಯಲ್ಲಿ ಅದು ಸಲೀಸಾಗಿ ಸಿಗುತ್ತದೆ. ನಮ್ಮ ಸೊಸೈಟಿಯ ಸಭೆಯಲ್ಲಿ ಈ ವಿಷಯ ಎತ್ತಿದಾಗ ಅರ್ಧ ಜನ ನಕ್ಕರು. ನೀರಿನ ಟ್ಯಾಂಕರಿನ ಬಿಲ್ಲಿನ ನಡುವೆ ಚಿಚುಂದ್ರಿಯ ಮಾತೇನೆಂದು. ಕೊನೆಗೆ ಕಾಕು ಎದ್ದು ನಿಂತು ‘ಗಣಪತೀಚಂ ವಾಹನ್ ಆಹೇ’ ಎಂದ ಮೇಲೆ ರಟ್ಟು ನಿಂತಿತು. ನಾನು ಕೂಡಿಹಾಕಿದ್ದ ಅಂಕಿಅಂಶಗಳು ಜೇಬಿನಲ್ಲೇ ಉಳಿದವು.

ನಿಮ್ಮ ಮನೆಗೂ ಬಂದರೆ ಹೀಗೆ ಮಾಡಿ. ಮೂತಿ ಚೂಪಾಗಿದೆಯೇ, ಚಿಟ್ ಚಿಟ್ ಎನ್ನುತ್ತಿದೆಯೇ, ಗೋಡೆಗೆ ಅಂಟಿಕೊಂಡೇ ಓಡುತ್ತಿದೆಯೇ ನೋಡಿ. ಹೌದಾದರೆ ಪೊರಕೆ ಎತ್ತಬೇಡಿ, ಬರಿಗೈಯಲ್ಲಿ ಹಿಡಿಯಲೂ ಹೋಗಬೇಡಿ. ಗೋಡೆಗುಂಟ ಇಟ್ಟ ಚೀಲ, ಚಪ್ಪಲಿಗಳನ್ನು ಸರಿಸಿ, ಬಾಗಿಲು ತೆರೆದಿಟ್ಟು ದೀಪ ಆರಿಸಿ. ಗೋಡೆ ಹಿಡಿದುಕೊಂಡು ಅದು ತಾನಾಗಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ನೆಲವನ್ನು ಫಿನೈಲ್ ಹಾಕಿ ಒರೆಸಿ, ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ.